ನಿನ್ನೆಯ ನೀರು

ರಾಯಚೂರಿನ ನನ್ನ ಸೋದರತ್ತೆಯ ಮನೆಯಲ್ಲಿ ಬೆಳಗಿನ ಮೊದಲ ಸದ್ದು ನೀರು ಚೆಲ್ಲುವ ಸದ್ದು. ತುಂಬುವ ಸದ್ದು ಆಮೇಲಿನದು. ಅಡಿಗೆಮನೆಯ ತಾಮ್ರದ ಕೊಡಗಳು, ಪಡಸಾಲೆಯ ಮೂಲೆಯ ಹಿತ್ತಾಳೆಯ ಬಿಂದಿಗೆ, ಬಚ್ಚಲಿನ ಹಂಡೆ, ಬಾಗಿಲ ಪಕ್ಕದ ಮಣ್ಣಿನ ಹರವಿ, ಇವಿಷ್ಟನ್ನೂ ಅತ್ತೆ ಗೌರಮ್ಮ ಎದ್ದ ಕೂಡಲೇ ಬೋರಲು ಹಾಕುತ್ತಿದ್ದಳು. ಅರ್ಧ ಉಳಿದಿದ್ದರೂ ಸರಿ, ಕಂಠದವರೆಗೆ ಇದ್ದರೂ ಸರಿ, ಹಿಂದಿನ ದಿನ ತುಂಬಿಟ್ಟು ಯಾರೂ ಕೈ ಹಾಕದ ಕೊಡವಾದರೂ ಸರಿ. ನಳದ ನೀರು ಒಂದು ರಾತ್ರಿ ಮನೆಯಲ್ಲಿ ಕಳೆಯಿತೆಂದರೆ ಅದು ತಂಗಳ ನೀರು. ಅದನ್ನು ದೇವರಿಗೆ ಇಡುವಂತಿಲ್ಲ, ಒಲೆಗೆ ಏರಿಸುವಂತಿಲ್ಲ, ಮರ್ಯಾದಸ್ಥರ ಮನೆಯಲ್ಲಿ ಅದು ಇರಲೂ ಕೂಡದು. ಹಾಗೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೆಂದು ನಾನು ಆಮೇಲೆ ಬಹಳ ಹುಡುಕಿದ್ದೇನೆ, ಎಲ್ಲಿಯೂ ಸಿಕ್ಕಿಲ್ಲ. ನಮ್ಮ ಮನೆಯೊಂದೇ ಅಲ್ಲ, ಓಣಿಯ ಎಲ್ಲ ಮನೆಗಳಲ್ಲಿಯೂ ಇದೇ ಪದ್ಧತಿ. ಆದ್ದರಿಂದ ಹೊತ್ತೇರುವ ಮುನ್ನ ನಮ್ಮ ಓಣಿಯ ಗಟಾರದಲ್ಲಿ ಹರಿಯುತ್ತಿದ್ದಷ್ಟು ತಿಳಿಯಾದ ನೀರನ್ನು ನಾನು ನನ್ನೂರು ದೇವದುರ್ಗದ ಬಾವಿಗಳಲ್ಲಿ ಬೇಸಿಗೆಯ ದಿನಗಳಲ್ಲಿ ಕಂಡವಳಲ್ಲ. ಎಮ್ಮೆಗಳು ನಿಂತು ಕುಡಿಯುತ್ತಿದ್ದವು. ಅವುಗಳಿಗೆ ಅದು ತಂಗಳೆಂದು ಯಾರೂ ಹೇಳಿರಲಿಲ್ಲ.

ನಾನು ಆ ಮನೆಗೆ ಬಂದದ್ದು ಹೈಸ್ಕೂಲು ಓದಲು. ದೇವದುರ್ಗದಲ್ಲಿ ಗಂಡುಹುಡುಗರ ಜೊತೆ ಕೂಡಿಸುವುದು ಮನೆಯ ಹಿರಿಯರಿಗೆ ಒಪ್ಪಿಗೆಯಾಗದೆ, ರಾಯಚೂರಿನ ಹೆಣ್ಣುಮಕ್ಕಳ ಶಾಲೆಗೆ ಹಾಕಿ, ಅಪ್ಪ ನನ್ನನ್ನು ತನ್ನ ಅಕ್ಕನ ಮನೆಯಲ್ಲಿ ಬಿಟ್ಟು ಹೋದ. ಅತ್ತೆಯ ಗಂಡ, ನಾನು ಮಾಮಾ ಎಂದು ಕರೆಯುತ್ತಿದ್ದವರು, ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಅವರ ತಾಯಿಯನ್ನು ಮನೆಯವರೂ ಓಣಿಯವರೂ ಆಯಿ ಎನ್ನುತ್ತಿದ್ದರು. ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕದ, ಮಡಿ ಮೈಲಿಗೆಗಳಲ್ಲಿ ಓಣಿಗೇ ಕೊನೆಯ ಮಾತು ಹೇಳುವ ಮುದುಕಿ. ಅತ್ತೆಗೆ ಚಿಕ್ಕ ಗಂಡುಮಕ್ಕಳಿಬ್ಬರು. ನನ್ನ ಹಾಸಿಗೆ ಕಾಳಿನ ಚೀಲಗಳ ಕೋಣೆಯಲ್ಲಿ. ಬೆಳಿಗ್ಗೆ ಆ ಮಕ್ಕಳಿಗೆ ಬಿಸಿ ರೊಟ್ಟಿ, ನನಗೆ ಹಿಂದಿನ ದಿನದ ರೊಟ್ಟಿಯ ಮೇಲೆ ಮೊಸರು, ಶೇಂಗಾ ಹಿಂಡಿ. ತಂಗಳ ರೊಟ್ಟಿಯ ಬಗ್ಗೆ ನನ್ನ ದೂರಿಲ್ಲ. ಜೋಳದ ರೊಟ್ಟಿ ಮರುದಿನ ಹೆಚ್ಚು ರುಚಿ. ನನ್ನ ದೂರು ನ್ಯಾಯದ್ದು. ತಂಗಳ ರೊಟ್ಟಿ ತಿನ್ನಬಹುದಾದ ಮನೆಯಲ್ಲಿ ನೀರು ಮಾತ್ರ ಹೇಗೆ ಹಳಸುತ್ತದೆ? ಒಮ್ಮೆ ಕೇಳಿದೆ. ಆಯಿ ನನ್ನತ್ತ ನೋಡದೆ ಸೊಸೆಗೆ ಉತ್ತರ ಕೊಟ್ಟಳು:

"ಗೌರವ್ವಾ, ನಿನ್ನ ತವರುಮನಿ ಮಂದಿ ರೊಟ್ಟಿ ಎಣಸಾಕತ್ತಾರ ನೋಡು."

ನಾನು ರೊಟ್ಟಿ ಎಣಿಸಿರಲಿಲ್ಲ.

ದೇವದುರ್ಗದ ನಮ್ಮ ಮನೆಯಲ್ಲಿ ಕೊಡ ಬೋರಲು ಹಾಕುವುದೆಂದರೆ ಮನೆಯಲ್ಲಿ ಸಾವಾಗಿದೆಯೆಂದು ಅರ್ಥ. ಬಾವಿ ಊರ ಹೊರಗೆ. ಅವ್ವ ತಲೆಯ ಮೇಲೆ ಒಂದು, ಬಗಲಲ್ಲಿ ಒಂದು ಕೊಡ ಹೊತ್ತು ತರುತ್ತಿದ್ದಳು. ಅಡಿಗೆಮನೆಯ ಮೂಲೆಯಲ್ಲಿ ಮರಳಿನೊಳಗೆ ಅರ್ಧ ಹೂತ ದೊಡ್ಡ ಹರವಿಯ ಬಾಯಿಗೆ ಅಪ್ಪನ ಹಳೆಯ ಧೋತರದ ತುಂಡು ಕಟ್ಟಿ ಸೋಸಿ ಹಾಕಿದರೆ, ಆ ನೀರು ಎರಡು ಮೂರು ದಿನ ಇಳಿದು, ತಿಳಿಯಾಗಿ, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತಿತ್ತು. ಬೀಗರು ಬಂದರೆ ಅದೇ ಹರವಿಯ ತಳದ ನೀರನ್ನು ತಂಬಿಗೆಯಲ್ಲಿ ಕೊಡುವುದು ಗೌರವ. ಅಂದು ತಂದ ನೀರು ಕೊಟ್ಟರೆ ಅದು ಅವಸರದ ಮನೆ. ಅತ್ತೆ ಗೌರಮ್ಮ ಹುಟ್ಟಿ ಬೆಳೆದದ್ದು ಅದೇ ಅಡಿಗೆಮನೆಯಲ್ಲಿ, ಅದೇ ಹರವಿಯ ನೀರು ಕುಡಿದು. ರಾಯಚೂರಿಗೆ ಬಂದ ಮೇಲೆ ಅವಳಿಗೆ ಅದೆಲ್ಲ ಮರೆತುಹೋಗಿದೆ ಎಂದುಕೊಂಡಿದ್ದೆ.

ನಳ ಓಣಿಯ ತಿರುವಿನಲ್ಲಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದ ಆ ವರ್ಷಗಳಲ್ಲಿ ಇಡೀ ಓಣಿಗೆ ಅದೊಂದೇ. ನೀರು ಬಿಡುತ್ತಿದ್ದುದು ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ. ಅಷ್ಟರಲ್ಲಿ ಎಲ್ಲ ಮನೆಗಳ ಪಾತ್ರೆಗಳೂ ಬರಿದಾಗಿರುತ್ತಿದ್ದುದರಿಂದ ಎಲ್ಲರಿಗೂ ಎಲ್ಲವನ್ನೂ ತುಂಬುವ ಅವಸರ. ಪಾಳಿಯಲ್ಲಿ ಮನುಷ್ಯರಿಗಿಂತ ಮೊದಲೇ ಬಂದು ನಿಂತ ಕೊಡಗಳು. ಕೊಡ ಸರಿಸಿದವರಿಗೆ ಬೈಗುಳ. ಅತ್ತೆಗೆ ಆ ಹೊತ್ತಿನಲ್ಲಿ ಮಾಮಾನ ಬುತ್ತಿ, ಮಕ್ಕಳ ಸ್ನಾನ, ಆಯಿಯ ಪೂಜೆಯ ಸಿದ್ಧತೆ. ನೀರು ನನ್ನ ಪಾಲಿಗೆ. ನಾನು ಪುಸ್ತಕ ಹಿಡಿದು ಪಾಳಿಯಲ್ಲಿ ನಿಲ್ಲುತ್ತಿದ್ದೆ. ಎದುರು ಮನೆಯ ಮಹಬೂಬ್ ಬೀ, ಓಣಿಯಲ್ಲಿ ಅತ್ಯಂತ ದೊಡ್ಡ ಧ್ವನಿಯ ಹೆಂಗಸು, ದಿನವೂ ಅದೇ ಮಾತು ಆಡುತ್ತಿದ್ದಳು:

"ಏ ಸಿದ್ದಮ್ಮಾ, ಕೊಡ ತುಂಬಿ ಚೆಲ್ಲಾಕತ್ತದ. ನಿನ್ನ ಕಿತಾಬು ಇನ್ನಾ ತುಂಬಲಿಲ್ಲೇನು?"

ಉಳಿದವರು ನಗುತ್ತಿದ್ದರು. ಆ ನಗುವಿನಲ್ಲಿ ಕೆಟ್ಟತನ ಕಡಿಮೆ, ಹೊತ್ತು ಕಳೆಯುವುದೇ ಹೆಚ್ಚು. ಆದರೂ ಯಾರು ಯಾರು ನಕ್ಕರೆಂಬುದು ನನಗೆ ನೆನಪಿದೆ. ಒಂದು ದಿನ ನಳ ಬರಲೇ ಇಲ್ಲ. ಎಲ್ಲಿಯೋ ಪೈಪು ಒಡೆದಿತ್ತಂತೆ. ಅತ್ತೆ ಆಗಲೇ ಹಂಡೆ ಹರವಿಗಳನ್ನೆಲ್ಲ ಚೆಲ್ಲಿ ಬೋರಲಿಟ್ಟಿದ್ದಳು, ಓಣಿಯೆಲ್ಲ ಹಾಗೆಯೇ. ಮಾಮಾ ಸ್ನಾನವಿಲ್ಲದೆ ಗಿರಣಿಗೆ ಹೋದರು, ಆಯಿ ಮಧ್ಯಾಹ್ನದವರೆಗೆ ಉಪವಾಸ ಕುಳಿತಳು, ಮಕ್ಕಳು ಅತ್ತವು. ಅಷ್ಟು ಜನ ಹೆಂಗಸರು ಖಾಲಿ ಕೊಡಗಳ ಮುಂದೆ ನಿಂತು ನಳ ಬಿಡುವವನನ್ನು ಬೈದರೇ ಹೊರತು, ಬೆಳಿಗ್ಗೆ ತಾವು ಚೆಲ್ಲಿದ್ದು ನೀರೆಂದು ಒಬ್ಬರೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಚೆಲ್ಲಿದರು.

ಶಾಲೆಯಲ್ಲಿ ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ಬಂದವರಿಗೆ ಗೇಟು ಮುಚ್ಚುತ್ತಿತ್ತು. ಮೊದಲ ಪಾಠ ಮುಗಿದ ಮೇಲೆ ಒಳಗೆ ಬಿಡುತ್ತಿದ್ದರು, ಆದರೆ ಮುಂಜಾನೆಯ ಹಾಜರಿ ಹೋಯಿತು. ಒದ್ದೆ ಲಂಗದ ಅಂಚು ಕಾಲಿಗೆ ಸುತ್ತಿಕೊಳ್ಳುತ್ತ ಓಡಿ ಬಂದು, ಗೇಟಿನ ಹೊರಗಿನ ಬೇವಿನ ಗಿಡದ ಕೆಳಗೆ ನಿಲ್ಲುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಒಳಗಿನ ಮೊದಲ ಪಾಠವನ್ನು ನಾನು ಗೋಡೆಯಾಚೆಯಿಂದಲೇ ಕಲಿತೆ. ಹಾಗೆ ನಿಂತ ಒಂದು ದಿನ ಒಳಗೆ ಪಾಠದ ಬದಲು ಭಾಷಣ ನಡೆಯಿತು. ನೀರು ಪೂರೈಕೆಯ ಅಧಿಕಾರಿಯೊಬ್ಬರು ಮಕ್ಕಳಿಗೆ ನಳದ ನೀರಿನ ಬೆಲೆ ತಿಳಿಸಲು ಬಂದಿದ್ದರು. ಹೊಳೆಯಿಂದ ನೀರನ್ನು ಮೇಲೆತ್ತುವುದು, ಕೆಸರು ಇಳಿಸುವುದು, ಔಷಧಿ ಹಾಕುವುದು, ಎತ್ತರದ ಟಾಕಿಯಲ್ಲಿ ತುಂಬಿಟ್ಟು ಆಮೇಲೆ ಓಣಿ ಓಣಿಗೆ ಬಿಡುವುದು, ಇದನ್ನೆಲ್ಲ ಅವರು ಸಾವಧಾನವಾಗಿ ವಿವರಿಸಿದರು. ಒಂದು ಹನಿಯನ್ನೂ ಹಾಳು ಮಾಡಬೇಡಿರೆಂದರು. ನೀರು ತುಂಬುವ ಕೆಲಸವಿಲ್ಲದ, ಹೊತ್ತಿಗೆ ಸರಿಯಾಗಿ ಬಂದಿದ್ದ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ನೀರು ತುಂಬಿ ಬಂದವಳು ಹೊರಗೆ ನಿಂತಿದ್ದೆ.

ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳಿಸುವ ದಿನಗಳು ಹತ್ತಿರ ಬಂದವು. ಒಂದು ಗುರುವಾರ ನಮ್ಮ ಮುಖ್ಯೋಪಾಧ್ಯಾಯಿನಿ, ಎಲ್ಲರೂ ದೊಡ್ಡ ಅಕ್ಕೋರು ಎನ್ನುತ್ತಿದ್ದವರು, ನನ್ನನ್ನು ಕರೆಸಿದರು.

"ಮಾರ್ಕು ನೋಡಿದ್ರ ನೀ ಮೊದಲ ಸಾಲಿನಾಕಿ. ಹಾಜರಿ ನೋಡಿದ್ರ ಸಾಲಿ ಬಿಟ್ಟಾಕಿ. ಇಬ್ಬರಾಗ ಯಾವಾಕಿನ್ನ ಪರೀಕ್ಷಾಕ್ಕ ಕಳಸಲಿ?"

"ನೀರು ತುಂಬಿ ಬರಬೇಕ್ರೀ ಅಕ್ಕೋರ."

"ಎಲ್ಲಾರ ಮನ್ಯಾಗೂ ತುಂಬತಾರ."

"ನಮ್ಮ ಮನ್ಯಾಗ ದಿನಾ ಎಲ್ಲಾ ಭಾಂಡೆ ತುಂಬಬೇಕ್ರಿ."

"ಯಾಕ, ದಿನಾ ಮದುವಿ ನಡೀತದೇನು ಮನ್ಯಾಗ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ತೀರ್ಪು ಕೊಟ್ಟರು. "ಸೋಮವಾರದಿಂದ ಒಂದು ಮುಂಜಾನಿ ತಪ್ಪಿದ್ರೂ ನಿನ್ನ ಹೆಸರು ಹೋಗಂಗಿಲ್ಲ. ನಿಮ್ಮಪ್ಪಗ ಬರಾಕ ಹೇಳು."

ಹೆಸರು ಹೋಗದಿದ್ದರೆ ಏನಾಗುತ್ತದೆಂಬುದು ನನಗೆ ಗೊತ್ತಿತ್ತು. ಅಪ್ಪ ನನ್ನನ್ನು ಬಿಟ್ಟು ಹೋಗುವ ದಿನವೇ ಹೇಳಿದ್ದ: "ಒಂದು ವರ್ಷ ತಪ್ಪಿತಂದ್ರ ವಾಪಸ್ ಊರಿಗಿ ಬರೂದು. ಎರಡನೇ ಸಲ ಕಳಸಾಕ ನನ್ನ ಕೈಲಾಗಂಗಿಲ್ಲ." ಊರಿಗೆ ಹೋದವಳು ಮತ್ತೆ ಪುಸ್ತಕ ಹಿಡಿಯುವುದಿಲ್ಲ, ನನ್ನ ಓರಗೆಯವರೆಲ್ಲ ಅಷ್ಟು ಹೊತ್ತಿಗೆ ಕಂಕುಳಲ್ಲಿ ಕೂಸು ಹೊತ್ತಿದ್ದರು. ದೇವದುರ್ಗದ ಬಸ್ಸಿನ ಕಂಡಕ್ಟರ ನಮ್ಮ ಊರಿನವನೇ; ಅವನ ಕೈಯಲ್ಲಿ ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿ ಕಳಿಸಿ, ಮನೆಗೆ ಬಂದೆ. ಬರುವಾಗ ದಾರಿಯುದ್ದಕ್ಕೂ ಒಂದು ವಾದವನ್ನು ಕಟ್ಟಿದೆ. ಚೆಲ್ಲುವುದು ನಿಂತರೆ ತುಂಬುವುದು ಕಡಿಮೆ; ತುಂಬುವುದು ಕಡಿಮೆಯಾದರೆ ಗಂಟೆಗೆ ಮೊದಲು ಶಾಲೆ. ಚೆಲ್ಲುವುದು ನಿಲ್ಲಬೇಕಾದರೆ ಅತ್ತೆಯ ಮುಂದೆ ಮಾತಾಡಿ ಪ್ರಯೋಜನವಿಲ್ಲ. ಆಯಿಗೇ ತಿಳಿಸಿ ಹೇಳಬೇಕು. ಗೋಡೆಯಾಚೆಯಿಂದ ಕೇಳಿಸಿಕೊಂಡ ಭಾಷಣ ಅಂದು ನನಗೆ ಒದಗಿ ಬಂತು.

ಸಂಜೆ ಆಯಿ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು.

"ಆಯೀ, ನಳದ ನೀರು ಎಲ್ಲಿಂದ ಬರತದ ಗೊತ್ತದೇನು?"

"ಕೃಷ್ಣಮ್ಮನಿಂದ ಬರತದ. ನನಗ ಅಕ್ಷರ ತಿದ್ದಸಾಕ ಬಂದೀಯೇನು?"

"ಹೊಳಿಯಿಂದ ಬಂದದ್ದು ಸೀದಾ ನಳಕ್ಕ ಬರಂಗಿಲ್ಲ ಆಯೀ. ಮೊದಲ ಟಾಕ್ಯಾಗ ಕುಂದರತದ. ರಾತ್ರಿಯೆಲ್ಲ ಅಲ್ಲೇ ಇರತದ. ನಾವು ಹೊಸಾ ನೀರಂತ ತುಂಬಿ ತರೂದೇ ನಿನ್ನೀದು. ನಮ್ಮ ಕೊಡದಾಗ ಇನ್ನೊಂದು ರಾತ್ರಿ ಇದ್ರ ಏನಾಗತದ ಹೇಳು."

ಆಯಿಯ ಕೈಯಲ್ಲಿನ ಬತ್ತಿ ನಿಂತಿತು.

"ಖರೇನಾ?"

"ಖರೇ."

"ಯಾರು ಹೇಳಿದ್ರು?"

"ನೀರಿನ ಸಾಹೇಬ್ರೇ ಸಾಲಿಗಿ ಬಂದು ಹೇಳ್ಯಾರ."

ಗೆದ್ದೆನೆಂದು ಭಾವಿಸಿದೆ. ಆಯಿ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತಳು. "ಗೌರವ್ವಾ, ಇಷ್ಟು ವರ್ಷ ನನ್ನ ಲಿಂಗಕ್ಕ ತಂಗಳ ನೀರು ಎರಸೀರಲ್ಲ ನೀವು. ಟಾಕ್ಯಾಗ ರಾತ್ರಿ ಕಳದ ನೀರು. ನಾಳಿಯಿಂದ ಪೂಜಿಗಿ, ಅಡಿಗಿಗಿ, ಕುಡಿಯಾಕ ಗುಡಿ ಹಿಂದಿನ ಬಾವಿ ನೀರು ಬರಬೇಕು."

"ಬಾವಿ ನೀರು ಹಳೇದಲ್ಲೇನು ಆಯೀ?" ಎಂದೆ.

"ಬಾವಿಗಿ ಸೆಲಿ ಅದ. ಅದು ದಿನಾ ಹೊಸದು. ನಿನ್ನ ಟಾಕಿಗಿ ಸೆಲಿ ಅದೇನು?"

ವಿಜ್ಞಾನದ ಪುಸ್ತಕ ತೆರೆದು ಹುಡುಕಿದೆ. ಅದರಲ್ಲಿ ಸೆಲೆಯ ಮಾತೇ ಇರಲಿಲ್ಲ. ಊಟಕ್ಕೆ ಕುಳಿತ ಮಾಮಾ ವಿಷಯ ತಿಳಿದು, ತುತ್ತು ಕೈಯಲ್ಲಿ ಹಿಡಿದುಕೊಂಡೇ ನಕ್ಕರು. "ಸಾಲಿ ಕಲ್ತದ್ದು ವ್ಯರ್ಥ ಹೋಗಂಗಿಲ್ಲ ನೋಡು. ಮನಿಗಿ ಇನ್ನೆರಡು ಕೊಡ ಕೆಲಸ ಹೆಚ್ಚಾತು." ನನ್ನ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಅವಮಾನಗಳು ಆಗಿವೆ. ಆದರೆ ಆ ನಗುವಿನ ಧಾಟಿ ಇಂದಿಗೂ ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಶುಕ್ರವಾರದಿಂದ ಮೊದಲು ಬಾವಿ, ಆಮೇಲೆ ನಳ. ನಿನ್ನೆಯ ನೀರು ಚೆಲ್ಲುವುದು ಮಾತ್ರ ಎಂದಿನಂತೆ ನಡೆದಿತ್ತು. ಎರಡು ದಿನವೂ ಗೇಟಿನ ಹೊರಗೆ ನಿಂತೆ.

ಭಾನುವಾರ ಅಪ್ಪ ಬಂದ. ಹೆಗಲ ಮೇಲೆ ಶೇಂಗಾದ ಚೀಲ, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಸಜ್ಜೆರೊಟ್ಟಿಯ ಗಂಟು. ಅಕ್ಕನನ್ನು ಕೊಟ್ಟ ಮನೆಯಲ್ಲಿ ಅವನು ಎಂದೂ ಗೋಡೆಗೆ ಒರಗಿ ಕುಳಿತವನಲ್ಲ. ಅಂದೂ ಕಂಬಳಿಯ ಅಂಚಿನಲ್ಲಿ ಕುಳಿತು, ಕೊಟ್ಟ ನೀರು ಬೆಲ್ಲ ತೆಗೆದುಕೊಂಡು, ಎಲ್ಲರ ಕ್ಷೇಮ ಕೇಳಿದ. ಆಯಿಯೇ ಮಾತು ಎತ್ತಿದಳು.

"ಅಮರಪ್ಪಾ, ನಿನ್ನ ಮಗಳಿಗಿ ಸಾಲಿ ಬ್ಯಾಸರಾಗ್ಯದ. ಅದನ್ನ ಬಾಯಿಬಿಟ್ಟು ಹೇಳಲಾರದ ನಮ್ಮ ಮನಿ ನೀರಿನ ಮ್ಯಾಲ ಹಾಕಾಕತ್ಯಾಳ. ಊರೆಲ್ಲಾ ನೀರು ತುಂಬತದ. ಊರಿನ ಹುಡುಗ್ಯಾರೆಲ್ಲಾ ನಪಾಸಾಗ್ಯಾರೇನು?"

ಶಾಲೆ ನನಗೆ ಬೇಸರವಾಗಿದೆಯೆಂದು ಆಕೆ ಹೇಳಿದಳು. ಆ ಮನೆಯಲ್ಲಿ ನನ್ನ ಬಗ್ಗೆ ಆಡಿದ ಮಾತುಗಳಲ್ಲಿ ಇದೊಂದನ್ನು ನಾನು ಬೇರೆಯಾಗಿಯೇ ಇಟ್ಟಿದ್ದೇನೆ. ಅಪ್ಪ ನನ್ನ ಕಡೆ ನೋಡಿದ. ಅವನಿಗೆ ಸತ್ಯ ತಿಳಿದಿತ್ತು. ಆದರೆ ಅಕ್ಕನ ಅತ್ತೆಗೆ ಎದುರು ನುಡಿಯುವುದು ಅವನಿಂದಾಗದ ಕೆಲಸ. ತಂಬಿಗೆಯನ್ನು ಕೆಳಗಿಟ್ಟು ಹೇಳಿದ:

"ಹಂಗಾದ್ರ ಅರಿವಿ ಗಂಟು ಕಟ್ಟು, ಸಿದ್ದೀ. ಮಧ್ಯಾಹ್ನದ ಬಸ್ಸಿಗಿ ಹೋಗೂನು."

ನಾನು ಕದಲಲಿಲ್ಲ. ಅಳಲೂ ಇಲ್ಲ. ಅಷ್ಟರಲ್ಲಿ ಅತ್ತೆ ರೊಟ್ಟಿಯ ಹಿಟ್ಟು ಹತ್ತಿದ ಕೈಯಲ್ಲೇ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಆಯಿಯ ಎದುರು ಪಡಸಾಲೆಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

"ಅತ್ಯಾರ, ಒಂದು ಮಾತು ಕೇಳತೀನಿ. ನಳದ ನೀರು ಟಾಕ್ಯಾಗೇ ತಂಗಳಾಗಿ ಬರತದಂತ ನೀವೇ ಅಂದ್ರಿ."

"ಅಂದೀನಿ. ಖರೇ ಅದ."

"ತಂಗಳಾದದ್ದು ಮತ್ತೊಮ್ಮೆ ತಂಗಳಾಗತದೇನ್ರಿ?"

ಆಯಿ ಮಗನತ್ತ ತಿರುಗಿದಳು.

"ರೊಟ್ಟಿ ಒಮ್ಮೆ ತಂಗಳಾತಂದ್ರ ಆತು. ನಾಳಿಗೂ ತಂಗಳೇ, ನಾಡದಿಗೂ ತಂಗಳೇ. ಇನ್ನಷ್ಟು ಕೆಡಾಕ ಅದರಾಗ ಏನುಳದದ? ಪೂಜಿಗಿ, ಅಡಿಗಿಗಿ ಬಾವಿ ನೀರು ನಾನೇ ತರತೀನಿ. ಮೈ ತೊಳಿಯಾಕ, ಬಟ್ಟಿಗಿ, ಭಾಂಡೆಕ್ಕ ನಳದ ನೀರು. ಆ ನೀರನ್ನ ದಿನಾ ಚೆಲ್ಲಿ, ಮತ್ತ ತಂಗಳ ನೀರೇ ತುಂಬೂದು ಯಾವ ಮಡೀರಿ? ಚೆಲ್ಲಲಿಲ್ಲಂದ್ರ ದಿನಕ್ಕ ಒಂದೆರಡು ಕೊಡ ಸಾಕು. ಅದನ್ನ ತುಂಬಾಕ ಈ ಹುಡುಗಿ ಯಾಕ ಬೇಕು?"

"ಮಂದಿ ಏನಂದಾರು, ಗೌರವ್ವಾ?"

"ಮಂದಿಗಿ ನೀವೇ ಹೇಳ್ರಿ. ನೀವು ಹೇಳಿದ್ರ ಕೇಳತಾರ." ಅತ್ತೆ ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಕೈಗೆ ಹತ್ತಿದ ಹಿಟ್ಟನ್ನು ಉಜ್ಜುತ್ತ, ಧ್ವನಿ ಏರಿಸದೆ ಮುಂದುವರಿಸಿದಳು. "ನಾ ಈ ಮನಿಗಿ ಸೊಸಿಯಾಗಿ ನಡಿಯಾಕ ಬಂದ ವರ್ಷ ಒಂದು ಕೊಡ ನೀರು ಉಳಿಸಿಟ್ಟಿದ್ದೆ. ನೀವು ಅದನ್ನ ಓಣ್ಯಾಗ ಒಯ್ದು, ಎಲ್ಲಾರ ಮುಂದ ಬೋರಲ ಹಾಕಿ, ತಂಗಳ ನೀರಿನ ಮನಿಯಾಕಿ ಅಂದ್ರಿ. ಎಲ್ಲಾರೂ ನಕ್ಕರು. ಅವತ್ತಿನಿಂದ ಚೆಲ್ಲೀನಿ. ಇನ್ನ ಒಲ್ಲೆ."

ಮಾಮಾ ಎದ್ದು ಹೊರಗೆ ಹೋಗಿ ಚಪ್ಪಲಿ ಹುಡುಕುವವರಂತೆ ಬಗ್ಗಿ ನಿಂತರು. ಅಪ್ಪ ತಲೆ ತಗ್ಗಿಸಿದ್ದ. ತನ್ನ ಅಕ್ಕನಿಗೆ ಹಾಗಾಗಿತ್ತೆಂದು ಅವನಿಗೂ ತಿಳಿದಿರಲಿಲ್ಲ. ಕೊನೆಗೆ ಆಯಿ, ತನ್ನದೇ ಆಜ್ಞೆಯೆಂಬಂತೆ, ಅಪ್ಪನಿಗೆ ಹೇಳಿದಳು:

"ಹುಡುಗಿ ಆಯಿತವಾರಕ್ಕೊಮ್ಮೆ ಹಂಡೇವು ಹರವಿ ತುಂಬಿಕೊಡಲಿ. ಉಳದ ದಿನ ಸಾಲಿಗಿ ಹೋಗಲಿ. ಈಗ ಉಂಡು ಹೋಗು ನೀ."

ಅಪ್ಪ ಉಂಡು ಒಬ್ಬನೇ ಹೋದ. ಅಂದು ಸಂಜೆ ಬಚ್ಚಲಿನಲ್ಲಿ ಹಂಡೆಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದ ಅತ್ತೆಯ ಬಳಿ ಹೋಗಿ ನಿಂತೆ. ಅವಳೇ, ಗಂಟು ಬಿಗಿಯುತ್ತ, ನನ್ನತ್ತ ನೋಡದೆ ಹೇಳಿದಳು: "ನಿನ್ನ ಸಲುವಾಗಿ ಮಾಡೀನಂತ ತಿಳಕೋಬ್ಯಾಡ. ನನ್ನ ಟೊಂಕದ ಸಲುವಾಗಿ ಮಾಡೀನಿ." ಅವಳು ಕೊನೆಯವರೆಗೂ ಈ ಮಾತನ್ನು ಬದಲಿಸಲಿಲ್ಲ. ನಾನು ಕೂಡ, ಅವಳು ನನಗೆ ಮಾಡಿದ ಉಪಕಾರದ ಪಕ್ಕದಲ್ಲಿ ಅದಕ್ಕೆ ಮುಂಚಿನ ವರ್ಷಗಳನ್ನು ಹಾಗೆಯೇ ಇಟ್ಟಿದ್ದೇನೆ. ಒಂದು ಇನ್ನೊಂದನ್ನು ಅಳಿಸಿಲ್ಲ.

ಓಣಿಯಲ್ಲಿ ಈ ವಿಷಯ ಹರಡಿದ್ದು ಆಯಿಯ ಬಾಯಿಂದ. ಅತ್ತೆ ಪಾಳಿಯಲ್ಲಿ ಒಂದೇ ಕೊಡ ಇಟ್ಟದ್ದನ್ನು ಕಂಡು ಮಹಬೂಬ್ ಬೀ ಮನೆಗೇ ಬಂದು ಕೇಳಿದಳು. ಆಯಿ ಅವಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು, ನೀರು ಹೊಳೆಯಿಂದ ಟಾಕಿಗೆ ಏರುವ ಕತೆಯನ್ನು ಅಧಿಕಾರಿಗಿಂತ ಚೆನ್ನಾಗಿ ಹೇಳಿದಳು.

"ಹಂಗಾದ್ರ ತಂಗಳ ನೀರು ಇಟ್ಟುಕೊಳ್ಳೂದು ಹೆಂಗ ಆಯೀ?"

"ಬಟ್ಟಿ ಕಟ್ಟಿ ಮುಚ್ಚಿಡು. ಇನ್ನ ಕೆಡಾಕ ಅದರ ಕೈಲಾಗಂಗಿಲ್ಲ."

ಹೀಗೆ, ಮೊದಲಿನಿಂದ ಕೊನೆಯವರೆಗೆ ತಪ್ಪಾದ ಒಂದು ಕಾರಣದಿಂದ, ನಮ್ಮ ಓಣಿ ನೀರು ಚೆಲ್ಲುವುದನ್ನು ಒಂದೊಂದೇ ಮನೆಯಾಗಿ ಬಿಟ್ಟಿತು. ಪಾಳಿ ಕರಗಿತು. ಇಳಿಜಾರಿನ ಕೆಳಗಿದ್ದ ಓಣಿಗೆ, ಅಲ್ಲಿಯವರೆಗೆ ನಳದಲ್ಲಿ ಗಾಳಿಯ ಸದ್ದು ಮಾತ್ರ ಕೇಳುತ್ತಿದ್ದ ಜನಕ್ಕೆ, ನೀರು ತಲುಪತೊಡಗಿತು. ಬೇಸಿಗೆಯಲ್ಲಿ ಗುಡಿಯ ಹಿಂದಿನ ಬಾವಿ ತಳ ಕಂಡಾಗ ಆಯಿ ಯಾರಿಗೂ ಹೇಳದೆ ಪೂಜೆಗೆ ಮತ್ತೆ ನಳದ ನೀರಿಗೇ ಬಂದಳು. ಇದನ್ನೆಲ್ಲ ಕಂಡುಹಿಡಿದವಳು ಆಯಿ ಎಂದು ಓಣಿ ಇಂದಿಗೂ ನಂಬಿದೆ. ನಾನು ಆ ಮಾತನ್ನು ಎಲ್ಲಿಯೂ ತಿದ್ದಿಲ್ಲ; ಇಲ್ಲಿ ತಿದ್ದುತ್ತಿದ್ದೇನೆ.

ಎಂಬತ್ತರ ದಶಕದಲ್ಲಿ ಮಾನ್ವಿಯ ಶಾಲೆಯೊಂದರಲ್ಲಿ ನಾನು ಉಪಾಧ್ಯಾಯಿನಿಯಾಗಿದ್ದಾಗ ಅಲ್ಲಿಯ ಓಣಿಗಳಿಗೆ ನಳ ಬಂತು. ಅದರ ಬೆನ್ನಿಗೇ ತಂಗಳ ನೀರಿನ ಶಾಸ್ತ್ರವೂ ಬಂತು. ನಾನು ಸರಿಯಾದ ಕಾರಣವನ್ನೇ ಕಲಿಸಬೇಕೆಂದು ಹಟ ಹಿಡಿದೆ. ಎರಡು ಗಾಜಿನ ಲೋಟಗಳಲ್ಲಿ ಇಂದಿನ ನೀರು, ಸೋಸಿ ಮುಚ್ಚಿಟ್ಟ ನಿನ್ನೆಯ ನೀರು ಇಟ್ಟು ತೋರಿಸಿದೆ. ಮಕ್ಕಳಿಗೆ ಕುಡಿಸಿದೆ, ನಾನೂ ಕುಡಿದೆ. ಮರುದಿನ ಒಬ್ಬ ಹುಡುಗಿಯ ತಾಯಿ ತರಗತಿಯ ಬಾಗಿಲಿಗೇ ಬಂದಳು.

"ಅಕ್ಕೋರ, ನಮ್ಮ ಮನ್ಯಾಗ ಬಡತನ ಅದ, ಖರೇ. ತಂಗಳ ನೀರು ಕುಡಿಯೂವಷ್ಟಿಲ್ಲ."

ಒಂದು ಪಾಠದ ಹೊತ್ತು ನಿಂತು ಅವಳಿಗೆ ವಿವರಿಸಿದೆ. ಎಲ್ಲವನ್ನೂ ಕೇಳಿ, "ನೀವು ಹೇಳೂದು ಪುಸ್ತಕದ್ದರೀ" ಎಂದು ಹೊರಟುಹೋದಳು. ಆಯಿಯ ಕಾರಣವನ್ನು ಹೇಳಿದ್ದರೆ ಅಂದೇ ಕೆಲಸವಾಗುತ್ತಿತ್ತು. ಹೇಳಲಿಲ್ಲ. ಸುಳ್ಳು ಕಾರಣದಿಂದ ನಡೆದ ಒಳ್ಳೆಯದನ್ನು ನಾನು ಒಮ್ಮೆ ಅನುಭವಿಸಿದ್ದೇನೆ, ಅದನ್ನು ಕಲಿಸುವಷ್ಟು ಕೆಳಗಿಳಿಯಲಾರೆ. ಬದಲಿಗೆ, ನಳ ಬರುವ ಹೊತ್ತು ನೋಡಿಕೊಂಡು, ನನ್ನ ತರಗತಿಯ ಹಾಜರಿಯನ್ನು ಮೊದಲ ಪಾಠದ ಕೊನೆಗೆ ಕರೆಯತೊಡಗಿದೆ. ಮುಖ್ಯೋಪಾಧ್ಯಾಯರು ಇದು ನಿಯಮಕ್ಕೆ ವಿರುದ್ಧವೆಂದರು. ಆ ನಿಯಮ ನನಗೆ ಅವರಿಗಿಂತ ಚೆನ್ನಾಗಿ ಗೊತ್ತಿದೆಯೆಂದೆ. ಚೆಲ್ಲದಿದ್ದರೆ ತುಂಬುವುದು ಕಡಿಮೆ ಎಂಬ ಲೆಕ್ಕ ಕೊನೆಗೆ ಹತ್ತಿದ್ದು ತುಂಬುವ ಹುಡುಗಿಯರಿಗೇ. ಅವರು ಮನೆಗಳಲ್ಲಿ ತಾಯಂದಿರೊಡನೆ ಜಗಳವಾಡಿ, ನಿನ್ನೆಯ ನೀರನ್ನು ಒಂದೊಂದು ಕೊಡವಾಗಿ ಉಳಿಸಿದರು. ಅದಕ್ಕೆ ವರ್ಷಗಳು ಹಿಡಿದವು.

ಅದು ಮುಂದಿನ ಮಾತು. ಅಪ್ಪ ಒಬ್ಬನೇ ಹಿಂದಿರುಗಿದ ಮರುದಿನ, ಸೋಮವಾರ, ನಾನು ಪ್ರಾರ್ಥನೆಯ ಗಂಟೆಗೆ ಬಹಳ ಮುಂಚೆಯೇ ಶಾಲೆಯಲ್ಲಿದ್ದೆ. ಒಣಗಿದ ಲಂಗ ಉಟ್ಟು ಎರಡನೆಯ ಸಾಲಿನ ನನ್ನ ಜಾಗದಲ್ಲಿ ಕುಳಿತೆ. ತರಗತಿಯ ಅಕ್ಕೋರು ಬಂದು ಹಾಜರಿ ಕರೆಯತೊಡಗಿದರು. ಶಶಿಕಲಾ ಎಂದರು, ಅವಳು ಉತ್ತರಿಸಿದಳು. ತಲೆಯೆತ್ತದೆ ಸುಮಂಗಲಾ ಎಂದರು. ನಡುವೆ ನನ್ನ ಹೆಸರಿತ್ತು. ಮುಂಜಾನೆ ಅದನ್ನು ಕರೆಯದೆ ಗೈರುಹಾಜರಿ ಹಾಕುವುದು ಅವರ ಕೈಗೆ ರೂಢಿಯಾಗಿತ್ತು. ನಾನು ಎದ್ದು ನಿಂತೆ.

"ನನ್ನ ಹೆಸರು ಕರೀಲಿಲ್ರಿ, ಅಕ್ಕೋರ."

ಅವರು ತಲೆಯೆತ್ತಿ ನೋಡಿದರು. "ಅಯ್ಯ, ಬಂದೀಯೇನು? ಬಂದದ್ದು ಕಂಡಿನಲ್ಲ, ಹಾಕತೀನಿ ಕೂಡು."

"ಕರೀರಿ."

ತರಗತಿಯಲ್ಲಿ ಯಾರೋ ಕಿಸಕ್ಕೆಂದರು. ಅಕ್ಕೋರು ಒಂದು ಗಳಿಗೆ ನನ್ನನ್ನೇ ದಿಟ್ಟಿಸಿ, ಪೆನ್ನನ್ನು ಒಂದು ಸಾಲು ಹಿಂದಕ್ಕೆ ತಂದು, ಸ್ಪಷ್ಟವಾಗಿ ಕರೆದರು.

"ಸಿದ್ದಮ್ಮ."

ಕಿಸಕ್ಕೆಂದವಳು ತಿರುಗಿ ನನ್ನ ಮುಖ ನೋಡುವವರೆಗೆ ಕಾದು, ಹೇಳಿದೆ:

"ಹಾಜರ್."